ಮಣಿಕಟ್ಟಿನ ಕಹಿ

ಸಮುದ್ರಕ್ಕಿನ್ನೂ ಕಿವಿ ಇದ್ದ ಕಾಲ ಅದು. ನೀರಿನ ನಡುವೆ ಒಂದು ಬಂಡೆ, ಬಂಡೆ ಮೇಲೆ ಒಂದು ಊರು. ಊರಿಗೂ ಹೆಸರಿಲ್ಲ, ಊರಲ್ಲಿದ್ದೋರಿಗೂ ಹೆಸರಿಲ್ಲ. ಹೆಸರಿಟ್ರೆ ಸಮುದ್ರ ಕೇಳಿಸ್ಕೊಂಡು ಕರೆದುಬಿಡ್ತದೆ ಅಂತ ಭಯ. ಹಾಗಾಗಿ ಚಿಪ್ಪು ಸುಟ್ಟು ಸುಣ್ಣ ಮಾಡೋನು ಸುಣ್ಣದವನು, ಹಗ್ಗ ಹೊಸೆಯೋಳು ಹಗ್ಗದವಳು, ಬೆಳಗಾಗೆದ್ದು ಶಂಖ ಊದೋ ಮುದುಕ ಶಂಖದಜ್ಜ. ಏನೂ ಕೆಲಸ ಮಾಡದೋನೊಬ್ಬ ಇದ್ದ. ಅವನನ್ನ ಏನಂತ ಕರೀತಿದ್ರು ಅನ್ನೋದು ನಾಲ್ಕು ಜನರ ಮುಂದೆ ಹೇಳೋ ಮಾತಲ್ಲ, ಬಿಡಿ.

ಆ ಊರಿಗೆ ಒಂದು ಕಟ್ಟಳೆ ಇತ್ತು. ಊರಿನೋರು ಮಾಡಿದ್ದಲ್ಲ, ಅವರ ಮೈಯೇ ಮಾಡಿದ್ದು. ವರ್ಷ ಕಳೆದ ಮಾತ್ರಕ್ಕೆ ಅಲ್ಲಿ ಯಾರೂ ಬದಲಾಗ್ತಿರ್ಲಿಲ್ಲ. ಬಡಗಣ ಗಾಳಿ ಬೀಸೋ ಮೂರು ತಿಂಗಳು ಆಡಿನ ಹಾಲು ಕೆಚ್ಚಲಲ್ಲೇ ಮೊಸರಾಗೋವಷ್ಟು ಚಳಿ. ಆಗ ಒಂದೊಂದು ದಿನದ ಚಳಿಗೆ ಒಂದೊಂದು ಹನಿ ಕಹಿ ಮೈಯೊಳಗೆ, ಮೂಳೆಯಿಂದಾಚೆ ಎಲ್ಲೋ, ಬಿದ್ದು ಕೂತ್ಕೊಳ್ತಿತ್ತು. ಬೆಚ್ಚಗಿದ್ದ ದಿನ ಹನಿ ಬೀಳ್ತಿರ್ಲಿಲ್ಲ. ಆದ್ರೆ ಬಿದ್ದದ್ದು ಕರಗ್ತಾನೂ ಇರ್ಲಿಲ್ಲ, ಮುಂದಿನ ಚಳಿಗೆ ಕಾಯ್ತಿತ್ತು. ಕೆಲವರಿಗೆ ಎರಡು ಚಳಿಗಾಲ ಸಾಕು, ಕೆಲವರಿಗೆ ಹತ್ತು ಬೇಕು. ತುಂಬಿದ ದಿನ ಮಣಿಕಟ್ಟಿನ ಬೆವರು ಕಹಿಯಾಗ್ತಿತ್ತು. ಹಣ್ಣಾದ ಅಂತಿದ್ರು ಅದಕ್ಕೆ. ಹಣ್ಣಾದ ಮಾರನೇ ದಿನ ಮೈಗೆ ಬಳೆ ಬೀಳ್ತಿತ್ತು.

ಬಳೆ ಅಂದ್ರೆ ಬಳೆಗಾರನ ಬಳೆಯಲ್ಲ. ಕುತ್ತಿಗೆಯಿಂದ ಕಾಲಿನ ತನಕ ಮೈ ಸುತ್ತ ಗೆರೆ. ಗೆರೆ ಆಳ ಆಗ್ತಾ ಆಗ್ತಾ, ಮನುಷ್ಯ ಅನ್ನೋನು ಒಂದರ ಮೇಲೊಂದು ಪೇರಿಸಿಟ್ಟ ತಟ್ಟೆಗಳ ಹಾಗೆ ಆಗಿಬಿಡ್ತಿದ್ದ. ಆ ಹೊತ್ತಿಗೆ ಅವನು ಬಂಡೆಯ ತಳದ ಕಹಿಹೊಂಡದಲ್ಲಿ ನಿಂತಿದ್ರೆ ಚಿಂತೆಯಿಲ್ಲ. ತಟ್ಟೆಗಳು ಮೇಲಿಂದ ಒಂದೊಂದೇ ಬಿಟ್ಕೊಂಡು, ಕೊಡೆ ಬಿಚ್ಚಿದ ಹಾಗೆ ಬಿಚ್ಕೊಂಡು, ಮುಚ್ಚಿ ತೆರೆದು, ಮುಚ್ಚಿ ತೆರೆದು, ಸಮುದ್ರಕ್ಕೆ ಹೋಗ್ತಿದ್ವು. ಒಬ್ಬೊಬ್ಬರಿಂದ ಹನ್ನೆರಡು ಕೊಡೆ. ಮೈಕೈ ತುಂಬಿಕೊಂಡೋರಿಂದ ಮೂವತ್ತು ಹೋದದ್ದೂ ಉಂಟು. ಹಿಮ್ಮಡಿ ಊರಿದ್ದ ಜಾಗದಲ್ಲಿ ಕಡಲೆಕಾಳಿನಷ್ಟು ಮೊಳಕೆ ಉಳೀತಿತ್ತು. ಅದನ್ನ ಮಣ್ಣಿನ ಬೋಗುಣೀಲಿ ಮನೆಗೆ ತಂದು ದಿನಾ ಹೊಂಡದ ನೀರು ಹಾಕಿದ್ರೆ ವರ್ಷದೊಳಗೆ ಅದೇ ಮುಖ, ಅದೇ ಮೂಗು, ಅದೇ ಮನುಷ್ಯ. ಹಳೇದು ಒಂದೂ ನೆನಪಿರ್ತಿರ್ಲಿಲ್ಲ, ಅಷ್ಟೆ.

ನೀರಿನ ಹೊರಗೆ ಬಳೆ ಬಿದ್ರೆ? ಬಿಸಿಲಿಗಿಟ್ಟು ಮರೆತ ಹಪ್ಪಳ ನೋಡಿದ್ದೀರಲ್ಲ, ಹಾಗೆ. ಸುರುಟಿ, ಸೀಳಿ, ಮುಟ್ಟಿದ್ರೆ ಪುಡಿ. ಮೊಳಕೆ ಇಲ್ಲ, ಏನೂ ಇಲ್ಲ.

ಹಾಗಂತ ಮೊದಲೇ ಹೋಗಿ ಹೊಂಡದಲ್ಲಿ ನಿಂತ್ಕೊಳ್ಳೋ ಹಾಗೂ ಇರ್ಲಿಲ್ಲ. ಹಣ್ಣಾದೋರೆಲ್ಲಾ ತಮ್ಮ ಕಹಿ ಬಿಟ್ಟು ಬಿಟ್ಟು ಆ ನೀರು ಕಷಾಯದ ಹಾಗೆ ಕಪ್ಪಗಾಗಿತ್ತು. ಹಣ್ಣಾಗದೋರು ಅದರೊಳಗೆ ಕಾಲಿಡಬಾರದು ಅಂತಿದ್ರು. ಯಾಕೆ ಅಂತ ಕೇಳಿದ್ರೆ ಯಾರಿಗೂ ಗೊತ್ತಿರ್ಲಿಲ್ಲ. ಇಟ್ಟೋರು ಯಾರೂ ಇರ್ಲಿಲ್ಲವಲ್ಲ!

ಅದಕ್ಕೇ ಊರಿಗೊಬ್ಬಳು ನಾಲಿಗೆಯಮ್ಮ. ಬೆಳಗ್ಗೆ ಶಂಖ ಊದಿದ ಕೂಡ್ಲೆ ಊರೆಲ್ಲಾ ಸಾಲಾಗಿ ಬಂದು ಬಲಗೈ ಚಾಚ್ತಿತ್ತು. ಅವಳು ಒಂದೊಂದೇ ಮಣಿಕಟ್ಟು ನೆಕ್ಕಿ "ಇನ್ನೂ ಇಲ್ಲ" ಅಂತಿದ್ಲು. ಮುಂದಿನ ಕೈ. ಇನ್ನೂ ಇಲ್ಲ. ಮುಂದಿನ ಕೈ. ಇನ್ನೂ ಇಲ್ಲ. ಯಾವತ್ತೋ ಒಂದಿನ ಯಾರದೋ ಕೈ ಮೇಲೆ "ಆಯ್ತು" ಅಂತಿದ್ಲು. ಆಗ ಸಾಲಿನೋರೆಲ್ಲಾ ಆ ಮನುಷ್ಯನಿಗೆ ದಾರಿ ಬಿಡ್ತಿದ್ರು.

ಸುಣ್ಣದವನು ಅವಳ ಗಂಡ. ಸಾಲಿನ ಕೊನೇಲಿ ನಿಲ್ಲೋನು. ಅವನನ್ನ ಕಂಡ್ರೆ ಊರಿಗೆಲ್ಲಾ ತಮಾಷೆ. ಬೆಂಕಿ ಕಾಯಿಸ್ಕೊಂಡು ಹನಿ ತಪ್ಪಿಸ್ಕೊಳ್ಳೋದು ಆ ಊರಲ್ಲಿ ಮಾನಗೇಡಿ ಕೆಲಸ. ಆದ್ರೆ ಸುಣ್ಣದ ಗೂಡು ಆರಿಸೋ ಹಾಗಿಲ್ಲವಲ್ಲ, ಅವನು ಮೂರು ತಿಂಗಳೂ ಗೂಡಿನ ಬಾಯಲ್ಲೇ ಬೆಕ್ಕಿನ ಹಾಗೆ ಬಿದ್ದಿರ್ತಿದ್ದ.

"ಸುಣ್ಣದಣ್ಣ, ನೀನು ಹಣ್ಣಾಗೋದ್ರೊಳಗೆ ಸಮುದ್ರ ಬತ್ತಿಹೋಗ್ತದೆ" ಅಂತಿದ್ಲು ಹಗ್ಗದವಳ ಮಗಳು, ಬಾಯಿ ಜೋರಿನ ಹುಡುಗಿ.

"ಬತ್ತಲಿ ಬಿಡವ್ವಾ, ಮೀನು ಹಿಡಿಯೋದು ಸುಲಭ ಆಗ್ತದೆ" ಅಂತಿದ್ದ ಇವನು.

ಆ ವರ್ಷ ಚಳಿ ಮುಗಿಯೋಕೆ ಇನ್ನೊಂದು ತಿಂಗಳಿದೆ ಅನ್ನೋವಾಗ ಮೂವರಿಗೆ "ಆಯ್ತು" ಬಂತು. ಮೊದಲು ಬಲೆ ಹೆಣೆಯೋನು. ಆಮೇಲೆ ಅವನ ತಮ್ಮ. ಆಮೇಲೆ ಹಗ್ಗದವಳ ಮಗಳು. ಮೂವರನ್ನೂ ಹೊಂಡಕ್ಕಿಳಿಸಿದ್ರು. ಮೂವರಿಗೂ ಬಳೆ ಬಿತ್ತು, ಆದ್ರೆ ಓರೆಕೋರೆ ಬಿತ್ತು. ಕೊಡೆಗಳು ಪೂರ್ತಿ ಬಿಚ್ಕೊಳ್ಳಲೇ ಇಲ್ಲ. ಹರಿದ ಬಟ್ಟೆ ಚೂರಿನ ಹಾಗೆ ನೀರಲ್ಲಿ ಹೊರಳಿ ಮುಳುಗಿದ್ವು. ಕಲ್ಲಿನ ಮೇಲೆ ನೋಡಿದ್ರೆ ಮೊಳಕೆ ಇಲ್ಲ. ಮೂವರದ್ದೂ ಇಲ್ಲ.

ಹಗ್ಗದವಳು ಅಳಲಿಲ್ಲ. ದಿನಾ ಹೊಂಡಕ್ಕಿಳಿಯೋ ಮೆಟ್ಟಿಲ ತುದೀಲಿ ಕೂತು ಮಗಳ ಹಿಮ್ಮಡಿ ಇದ್ದ ಕಲ್ಲನ್ನೇ ನೋಡ್ತಾ ಹಗ್ಗ ಹೊಸೀತಿದ್ಲು. ಹಗ್ಗ ಮಂಡಿ ಮುಚ್ಚಿತು, ಸೊಂಟ ಮುಚ್ಚಿತು. ಹೊಸೆಯೋದು ಮಾತ್ರ ನಿಲ್ಲಿಸಲಿಲ್ಲ. ಊರಿನೋರು ಸಮುದ್ರಕ್ಕೆ ಕೋಪ ಬಂದಿದೆ ಅಂದ್ರು. ಶಂಖದಜ್ಜ ಬೆಳಗ್ಗೆ ಒಂದು ಸಲ ಊದೋನು ಮೂರು ಸಲ ಊದೋಕೆ ಶುರು ಮಾಡ್ದ.

ಅದಾಗಿ ಆರನೇ ದಿನ ನಾಲಿಗೆಯಮ್ಮ ಗಂಡನ ಮಣಿಕಟ್ಟು ನೆಕ್ಕಿದ್ಲು. ನೆಕ್ಕಿದೋಳು ಹಾಗೇ ನಿಂತ್ಲು. ಅವಳ ಕಣ್ಣಿನ ಗುಡ್ಡೆ ಒಂದು ಸಲ ನಡುಗಿದ್ದು ಸುಣ್ಣದವನಿಗೆ ಕಾಣ್ತು.

"ಇನ್ನೂ ಇಲ್ಲ" ಅಂದ್ಲು.

ಸುಣ್ಣದವನ ಬೆನ್ನಿನ ಮೇಲೆ ಯಾರೋ ಒದ್ದೆ ಕೈ ಇಟ್ಟ ಹಾಗಾಯ್ತು. ಮನೆಗೆ ಬಂದು ಕೇಳ್ದ: "ಏನೇ, ಕಹಿ ಇತ್ತಾ?"

"ಇಲ್ಲ ಅಂದ್ನಲ್ಲ."

"ಮತ್ತೆ ಮುಖ ಯಾಕೆ ಹಾಗಾಯ್ತು?"

"ಕೈ ತೊಳ್ಕೊಂಡು ಬರಬಾರದಾ? ಬರೀ ಸುಣ್ಣ."

"ಮದುವೆ ಆದಾಗಿಂದ ಸುಣ್ಣಾನೇ ನೆಕ್ತಿದ್ದೀಯ, ಇವತ್ತು ಖಾರ ಆಯ್ತಾ?"

ಅವಳು ಹಿತ್ತಲಿಂದ ಮರದ ತೊಟ್ಟಿ ಎಳ್ಕೊಂಡು ಬಂದು, ಕೊಡಗಟ್ಟಲೆ ಸಮುದ್ರದ ನೀರು ಹೊತ್ತು ತಂದು ತುಂಬಿಸಿ, "ಇದರೊಳಗೆ ಕಾಲಿಟ್ಕೊಂಡು ಕೂತ್ಕೊಳ್ಳಿ" ಅಂದ್ಲು.

"ಯಾಕೆ?"

"ಕಾಲು ನೋವು ಹೋಗ್ತದೆ."

"ನನಗೆ ಕಾಲು ನೋವೇ ಇಲ್ಲವಲ್ಲೇ!"

"ಬರ್ತದೆ. ಕೂತ್ಕೊಳ್ಳಿ."

ಅವನಿಗೆ ಎಲ್ಲಾ ಅರ್ಥ ಆಯ್ತು. ಹೊಂಡಕ್ಕೆ ಕಳಿಸಿದ್ರೆ ಆ ಮೂವರ ಹಾಗೆ ಇವನೂ ಇಲ್ಲವಾಗ್ತಾನೆ ಅಂತ ಅವಳು ಸುಳ್ಳು ಹೇಳಿದ್ದಾಳೆ. ಬಳೆ ಬಿದ್ರೆ ಇಲ್ಲೇ, ಮನೆಯ ತೊಟ್ಟಿಯಲ್ಲೇ ಬೀಳಲಿ ಅಂತ ನೀರು ತುಂಬಿದ್ದಾಳೆ. ತೊಟ್ಟಿಯಲ್ಲಿ ಬಳೆ ಬಿದ್ದು ಮೊಳಕೆ ಉಳಿದದ್ದನ್ನ ಯಾರೂ ಕಂಡಿರ್ಲಿಲ್ಲ. ಕೂತ. ಎಮ್ಮೆ ಕೆರೇಲಿ ಕೂತ ಹಾಗೆ ಕೂತ. ಮಾರನೇ ದಿನ ಇಡೀ ಹಗಲು ಕುತ್ತಿಗೆ ಮುಟ್ಟಿ ಮುಟ್ಟಿ ನೋಡ್ಕೊಂಡ. ಮುಟ್ಟಿ ಮುಟ್ಟಿ ಚರ್ಮ ಕೆಂಪಾಗಿ, ಅದೇ ಗೆರೆ ಅಂತ ತಿಳ್ಕೊಂಡು ಎರಡು ಸಲ ಕೂಗಿಯೂ ಬಿಟ್ಟ. ಹೊತ್ತು ಮುಳುಗಿತು. ಬಳೆ ಬೀಳಲಿಲ್ಲ.

ಮರುದಿನ ಬೆಳಗ್ಗೆ ಸಾಲು. ಕೈ. "ಇನ್ನೂ ಇಲ್ಲ." ಅದರ ಮರುದಿನ ಸಾಲು. ಕೈ. "ಇನ್ನೂ ಇಲ್ಲ." ಅವಳ ದನಿ ದಿನದಿನಕ್ಕೂ ನೂಲಿನ ಹಾಗೆ ತೆಳ್ಳಗಾಗ್ತಾ ಬಂತು. ಈಗ ಇವನೊಬ್ಬನ ಕೈಗಲ್ಲ, ಮೊದಲನೇ ಕೈಯಿಂದಲೇ ಅವಳ ಮುಖ ಬಿಳಿಚಿಕೊಳ್ತಿತ್ತು.

ಐದನೇ ದಿನ ತೊಟ್ಟಿಯಲ್ಲಿ ಕೂತು, ಸುಕ್ಕಾದ ಪಾದ ನೋಡ್ತಾ ಸುಣ್ಣದವನು ಯೋಚನೆ ಮಾಡ್ದ. ಹಣ್ಣಾದ ಮಾರನೇ ದಿನ ಬಳೆ ಬೀಳ್ಬೇಕು. ಅದು ತಪ್ಪಿದ್ದೇ ಇಲ್ಲ. ಅದಿರ್ಲಿ, ನಾನು ಹಣ್ಣಾಗೋದಾದ್ರೂ ಹೇಗೆ? ಗೂಡಿನ ಬಾಯಿ ಬಿಟ್ಟು ಕದಲಿದ್ದೇ ಇಲ್ಲ. ನನ್ನೊಳಗೆ ಹನಿ ಇದ್ರೆ ಒಂದು ಚಮಚ ಇರಬಹುದು. ಹಾಗಾದ್ರೆ ಇವಳಿಗೆ ಕಹಿ ಸಿಕ್ಕಿದ್ದೆಲ್ಲಿ?

ಎದ್ದು ಹೋಗಿ ಡಬ್ಬಿಯಿಂದ ಒಂದು ಬೆಲ್ಲದ ತುಂಡು ತಂದ. ಎರಡು ಮಾಡ್ದ. "ಬಾಯಿ ತೆಗಿ" ಅಂದ.

"ಯಾಕ್ರೀ, ಇವತ್ತೇನು ಹಬ್ಬ?"

"ತೆಗಿ ಅಂದ್ರೆ."

ಬಾಯಿಗಿಟ್ಟ. ಅವಳು ಅರೆಗಳಿಗೆ ಚೀಪಿ ಥೂ ಅಂತ ಉಗಿದ್ಲು. "ಕರ್ಮ! ಬೇವಿನೆಣ್ಣೇಲಿ ಅದ್ದಿದ್ದೀರಾ ಇದನ್ನ?"

ಉಳಿದರ್ಧ ಅವನು ತಿಂದ. ಜೇನಿನಷ್ಟು ಸಿಹಿ ಇತ್ತು. ಜೀವಮಾನದಲ್ಲಿ ಅಂಥ ಭಯ ಹುಟ್ಟಿಸಿದ ಬೆಲ್ಲ ಅವನು ತಿಂದಿರಲಿಲ್ಲ.

"ಕಹಿ ನನ್ನ ಕೈಯಲ್ಲಿಲ್ಲ ಕಣೇ" ಅಂದ. "ನಿನ್ನ ನಾಲಿಗೆಯಲ್ಲಿದೆ."

ಅವಳು ಗೋಡೆಗೆ ಆನಿಕೊಂಡು ಹಾಗೇ ಕೆಳಗೆ ಕೂತ್ಲು. ಎಷ್ಟೋ ಚಳಿಗಾಲದಿಂದ ಹಣ್ಣಾದೋರ ಕಹಿ ನೆಕ್ಕಿ ನೆಕ್ಕಿ ಅದು ನಾಲಿಗೆಯೊಳಗೇ ಮನೆ ಮಾಡಿಬಿಟ್ಟಿತ್ತು. ಮೊದಮೊದಲು ಬಂದು ಹೋಗ್ತಿತ್ತು, ಈಗ ಬಂದದ್ದು ಹೋಗ್ತಿಲ್ಲ.

"ನಿಮ್ಮ ಕೈ ನೆಕ್ಕಿದ ದಿನದಿಂದ ಎಲ್ಲರ ಕೈಯೂ ಕಹಿ ರೀ" ಅಂದ್ಲು. "ಊರಿಗೂರೇ ಹಣ್ಣಾಗಿದೆ, ಊಟ ಕಹಿ ಆಗೋದು ಭಯಕ್ಕೆ ಅಂದ್ಕೊಂಡಿದ್ದೆ. ಯಾರಿಗೂ ಹೇಳ್ದೆ ಬಾಯಿ ಮುಚ್ಕೊಂಡಿದ್ದೆ."

"ಮತ್ತೆ ನನಗೊಬ್ಬನಿಗೆ ಮಾತ್ರ ನೀರು ತುಂಬಿದೆ?"

"ತೊಟ್ಟಿ ಒಂದೇ ಇದ್ದದ್ದು."

ಆಮೇಲೆ ಅವಳೇ ಕೇಳಿದ್ಲು: "ಹಾಗಾದ್ರೆ ಆ ಮೂವರು?"

ಸುಣ್ಣದವನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಹಸಿ ಕಾಯಿಗಳನ್ನ ಹೊಂಡಕ್ಕಿಳಿಸಿದ್ರು. ಹೊಂಡದ ಕಪ್ಪು ನೀರು ಅವರ ಮೈಗೆ ಬಲವಂತವಾಗಿ ಬಳೆ ತೊಡಿಸಿತ್ತು. ಹರಿದು ಹೋಗದೆ ಇನ್ನೇನಾಗ್ತದೆ?

"ನೋಡು ಇವಳೇ" ಅಂದ ಅವನು, ದನಿ ತಗ್ಗಿಸಿ. "ಒಂಬತ್ತು ದಿನ ಕಳೆದ್ರೆ ಗಾಳಿ ತಿರುಗ್ತದೆ. ಚಳಿ ಮುಗೀತದೆ. ಅಲ್ಲೀ ತನಕ ಎಲ್ಲರಿಗೂ ಇನ್ನೂ ಇಲ್ಲ, ಇನ್ನೂ ಇಲ್ಲ ಅಂತ ಹೇಳ್ಕೊಂಡು ಹೋಗು. ಹಗ್ಗದವಳಿಗೆ ವಿಷಯ ಗೊತ್ತಾದ್ರೆ ನಿನ್ನನ್ನ ಬಿಡ್ತಾಳಾ?"

"ನಿಜವಾಗ್ಲೂ ಯಾರಾದ್ರೂ ಹಣ್ಣಾಗಿದ್ರೆ?"

"ಯಾರೂ ಆಗಿರಲ್ಲ."

"ನಿಮಗೆ ಹೇಗೆ ಗೊತ್ತು?"

ಅವನಿಗೆ ಗೊತ್ತಿರ್ಲಿಲ್ಲ. ಗೊತ್ತು ಅಂತ ತಲೆ ಆಡಿಸ್ದ.

ಒಂದು ಬೆಳಗ್ಗೆ ಹೋಯ್ತು. ಎರಡು ಬೆಳಗ್ಗೆ ಹೋಯ್ತು. ನೂರು ಕೈ, ನೂರು ಇನ್ನೂ ಇಲ್ಲ. ಮೂರನೇ ಬೆಳಗ್ಗೆ ಸೂರ್ಯ ಬಂದ, ಶಂಖದ ಸದ್ದು ಬರಲಿಲ್ಲ.

ಊರೆಲ್ಲಾ ಶಂಖದಜ್ಜನ ಮನೆಗೆ ಓಡಿತು. ಅಜ್ಜ ಹೊಸ್ತಿಲ ಮೇಲೆ ಕೂತಿದ್ದ. ಕೂತಿದ್ದ ಅಂದ್ರೆ, ಅಜ್ಜ ಇದ್ದಷ್ಟೇ ಎತ್ತರಕ್ಕೆ ಒಣಗಿದ ತಟ್ಟೆಗಳು ಒಂದರ ಮೇಲೊಂದು ಕೂತಿದ್ವು. ಮೇಲಿನ ತಟ್ಟೆಯಲ್ಲಿ ಅರ್ಧ ಮೀಸೆ ಇತ್ತು. ಒಣಗಿದ ಕೈಯಲ್ಲಿ ಶಂಖ ತುಟಿಯಿಂದ ನಾಲ್ಕು ಬೆರಳು ದೂರದಲ್ಲಿ ನಿಂತಿತ್ತು. ಕೂಗೋಕೆ ಹೋಗಿದ್ದನೋ ಏನೋ. ಎಲ್ಲರೂ ಬಾಯಿ ತೆರೆದು ನಿಂತಿರೋವಾಗ್ಲೇ ಬಡಗಣ ಗಾಳಿ ಒಂದು ಸಲ ಬೀಸ್ತು. ಸರ್ರ್ ಅಂತ ಸದ್ದು. ಅಜ್ಜ ಇಲ್ಲ. ಎಲ್ಲರ ಕೂದಲ ಮೇಲೂ ರೆಪ್ಪೆ ಮೇಲೂ ಬೂದಿ ಬಣ್ಣದ ಹುಡಿ ಕೂತಿತ್ತು. ಒರೆಸ್ಕೊಳ್ಳೋಕೆ ಯಾರಿಗೂ ಧೈರ್ಯ ಬರಲಿಲ್ಲ.

ಹಗ್ಗದವಳು ಮುಂದೆ ಬಂದ್ಲು. ಮಗಳು ಹೋದಾಗಿಂದ ಅವಳು ಮಾತಾಡಿದ್ದು ಅದೇ ಮೊದಲು.

"ನಿನ್ನೆ ಬೆಳಗ್ಗೆ ಅಜ್ಜನ ಕೈ ನೆಕ್ಕಿ ಏನಂದೆ?"

"ಇನ್ನೂ ಇಲ್ಲ ಅಂದೆ" ಅಂದ್ಲು ನಾಲಿಗೆಯಮ್ಮ.

ಸುಣ್ಣದವನು ನಡುವೆ ನುಗ್ಗಿದ. "ಗಾಳೀದು ತಪ್ಪು ಕಣ್ರೋ! ಈ ವರ್ಷದ ಗಾಳೀನೇ ಸರಿಯಿಲ್ಲ. ಸಮುದ್ರಕ್ಕೆ ಕೋಪ..."

"ಸುಮ್ನಿರಿ" ಅಂದ್ಲು ಅವಳು. "ನನ್ನ ನಾಲಿಗೆ ಕೆಟ್ಟಿದೆ. ನನಗೆ ಎಲ್ಲಾ ಕಹಿ. ಬೆಲ್ಲಾನೂ ಕಹಿ. ಹಗ್ಗದಕ್ಕ, ನಿನ್ನ ಮಗಳು ಹಣ್ಣಾಗಿರ್ಲಿಲ್ಲ. ಬಲೆಯಣ್ಣನೂ ಇಲ್ಲ, ಅವನ ತಮ್ಮನೂ ಇಲ್ಲ. ಅದು ತಿಳಿದ ಮೇಲೆ ಹೆದರಿ ಎಲ್ಲರಿಗೂ ಇಲ್ಲ ಇಲ್ಲ ಅಂದೆ. ಅಜ್ಜ ಹಣ್ಣಾಗಿದ್ದ."

ಹಗ್ಗದವಳು ಅವಳ ಕೈ ಹಿಡ್ಕೊಂಡು, ಮಣಿಕಟ್ಟು ತಿರುಗಿಸಿ, ನೆಕ್ಕಿದ್ಲು. ಎಲ್ಲರ ಕೈ ನೋಡೋಳ ಕೈಯನ್ನ ಯಾರಾದ್ರೂ ನೋಡಬೇಕು ಅಂತ ಆ ಊರಿಗೆ ಅಲ್ಲೀ ತನಕ ಹೊಳೆದೇ ಇರ್ಲಿಲ್ಲ.

"ಕಹಿ" ಅಂದ್ಲು ಹಗ್ಗದವಳು. "ಇದು ಇವತ್ತಿನ ಕಹಿಯಲ್ಲ, ನಿನ್ನೆಯದು."

ಸುಣ್ಣದವನು ಹೆಂಡತಿಯ ಕುತ್ತಿಗೆ ನೋಡ್ದ. ಕಿವಿಯ ಕೆಳಗಿಂದ ಒಂದು ಗೆರೆ, ಕೂದಲೆಳೆಯಷ್ಟು, ಸುತ್ತಿಕೊಳ್ತಾ ಇತ್ತು.

"ದಾರಿ ಬಿಡಿ!" ಅಂತ ಕೂಗಿದ. "ಹೊಂಡಕ್ಕೆ ಹೋಗ್ಬೇಕು, ದಾರಿ ಬಿಡಿ!"

ಯಾರೂ ಕದಲಲಿಲ್ಲ. ಯಾರೋ ಹಿಂದಿಂದ ಅಂದ್ರು: "ಅಜ್ಜ ಒಣಗಿದ ಹೊಸ್ತಿಲು ಇಲ್ಲೇ ಇದೆಯಲ್ಲ. ಇವಳೂ ಇಲ್ಲೇ ಒಣಗಲಿ." ಇನ್ನೊಬ್ಬರು ಹ್ಞೂಂ ಅಂದ್ರು. ಆ ಹ್ಞೂಂ ಬಾಯಿಂದ ಬಾಯಿಗೆ ಹೋಗಿ ಜೇನುಗೂಡು ಕದಡಿದ ಹಾಗೆ ಗುಂಯ್ ಅಂತು. ಎರಡನೇ ಗೆರೆ ಭುಜದ ಮೇಲೆ ಬಂತು.

ಸುಣ್ಣದವನು ಹಗ್ಗದವಳ ಕಾಲಿಗೆ ಬಿದ್ದ. ಅವಳಿನ್ನೂ ಆ ಕೈ ಬಿಟ್ಟಿರಲಿಲ್ಲ. "ಹಗ್ಗದಕ್ಕ, ಮುಚ್ಚಿಡು ಅಂದದ್ದು ನಾನು. ಅಜ್ಜನ್ನ ಒಣಗಿಸಿದ್ದು ನಾನು. ನನ್ನನ್ನ ಏನ್ಬೇಕಾದ್ರೂ ಮಾಡಿ. ಅವಳನ್ನ ನೀರಿಗೆ ಬಿಡಿ."

"ನಿನ್ನನ್ನ ತಗೊಂಡು ನಾನೇನು ಮಾಡ್ಲಿ ಸುಣ್ಣದಣ್ಣ? ಗೋಡೆಗೆ ಬಳೀಲಾ?" ಅಂದ್ಲು ಅವಳು. ಮೂರನೇ ಗೆರೆ ಬಂತು. "ಮೊಳಕೆ ನನಗೆ ಕೊಡ್ತೀಯಾ ಹೇಳು."

ಮೊಳಕೆಗೆ ಹಳೇದೊಂದೂ ನೆನಪಿರಲ್ಲ ಅಂತ ಆಗ್ಲೇ ಹೇಳಿದ್ದಾಯ್ತು. ನೀರು ಹಾಕೋರು ನೀರಿನ ಜೊತೆ ಏನೇನು ಹೇಳ್ತಾರೋ ಅದೇ ಅದರ ನೆನಪು. ನೀನು ಇಂಥೋಳು, ಇದು ನಿನ್ನ ಮನೆ, ಇವನು ನಿನ್ನ ಗಂಡ ಅಂತ ದಿನಾ ಹೇಳ್ಬೇಕು. ಹೇಳದೇ ಇದ್ರೆ ಅದಕ್ಕೆ ಗೊತ್ತಿಲ್ಲ. ಬೇರೆ ಹೇಳಿದ್ರೆ ಅದು ಬೇರೆಯೇ. ನೀರೇ ಹಾಕದೇ ಇದ್ರೆ ಮೂರು ದಿನಕ್ಕೆ ಅದೂ ಇಲ್ಲ.

ಹೆಂಡತಿ ಕಡೆ ನೋಡ್ದ. ಸೊಂಟದ ತನಕ ಗೆರೆ ಇಳಿದಿತ್ತು. ಅವಳು ಕಣ್ಣಲ್ಲೇ ಕೊಡು ಅಂದ್ಲೋ ಬೇಡ ಅಂದ್ಲೋ ಅವನಿಗೆ ತಿಳೀಲಿಲ್ಲ.

"ಕೊಟ್ಟೆ" ಅಂದ.

ಹಗ್ಗದವಳು ಕೈ ಬಿಟ್ಲು. ಜನ ಎರಡು ಪಾಲಾದ್ರು. ಸುಣ್ಣದವನು ಹೆಂಡತಿಯನ್ನ ಎತ್ಕೊಂಡು ಎಪ್ಪತ್ತೇಳು ಮೆಟ್ಟಿಲು ಓಡಿದ. ಅವತ್ತು ಅವು ಏಳುನೂರಾಗಿದ್ವು. ಒಂದೊಂದು ಮೆಟ್ಟಿಲಿಗೂ ಅವಳ ಮೈ ಅವನ ತೋಳಲ್ಲಿ ಒಂದೊಂದು ಕಡೆ ಸಡಿಲ ಆಗ್ತಿತ್ತು. ಬಿಗಿಯಾಗಿ ಹಿಡಿದ್ರೆ ತಟ್ಟೆ ಜಾರೀತು, ಸಡಿಲ ಬಿಟ್ರೆ ಅವಳೇ ಜಾರ್ಯಾಳು.

"ರೀ" ಅಂದ್ಲು, ದನಿ ಆಗ್ಲೇ ನೀರಿನ ಗುಳ್ಳೆ ಹಾಗಿತ್ತು. "ಆ ತೊಟ್ಟಿ ನೀರು ಚೆಲ್ಲಿಬಿಡಿ. ಸೊಳ್ಳೆ ಆಗ್ತವೆ."

ಕೊನೇ ಮೆಟ್ಟಿಲಿಂದಲೇ ಹೊಂಡಕ್ಕಿಳಿಸಿ ನಿಲ್ಲಿಸ್ದ. ಕೊಡೆಗಳು ಬಿಚ್ಕೊಂಡ್ವು. ಒಂದೂ ಹರೀಲಿಲ್ಲ. ಹನ್ನೆರಡಲ್ಲ, ಮೂವತ್ತಲ್ಲ, ಅರವತ್ತು, ಎಂಬತ್ತು, ಹೊಂಡ ತುಂಬಿ, ಬಂಡೆಯ ಸುತ್ತಿನ ನೀರು ತುಂಬಿ, ಮುಚ್ಚಿ ತೆರೆದು, ಮುಚ್ಚಿ ತೆರೆದು. ಅಷ್ಟೊಂದು ಕಹಿ ಇತ್ತು ಅವಳೊಳಗೆ. ಬೆಳಗಿನ ಹೊತ್ತಾದ್ರೂ ಸಮುದ್ರ ಬೆಳದಿಂಗಳು ಬಿದ್ದ ಹಾಗೆ ಬೆಳ್ಳಗಾಯ್ತು. ಊರಿನೋರು ಮೆಟ್ಟಿಲ ಮೇಲೆ ಒಬ್ಬರನ್ನೊಬ್ಬರು ಹಿಡ್ಕೊಂಡು ನಿಂತ್ರು. ಕಲ್ಲಿನ ಮೇಲೆ ಕಡಲೆಕಾಳಿನಷ್ಟು ಮೊಳಕೆ ಉಳಿದಿತ್ತು. ಹಗ್ಗದವಳು ಬೋಗುಣಿ ಹಿಡಿದು ಅದರ ಮುಂದೆ ಕೂತಿದ್ಲು.

ಆಮೇಲೆ ಊರಲ್ಲಿ ನಾಲಿಗೆಯಮ್ಮ ಅಂತ ಯಾರೂ ಆಗಲಿಲ್ಲ. ಬೆಳಗ್ಗೆ ಸಾಲಿನ ಬದಲು ಸುತ್ತಾಗಿ ನಿಂತು, ಪಕ್ಕದೋರ ಕೈ ಇವರು, ಇವರ ಕೈ ಪಕ್ಕದೋರು ನೆಕ್ತಿದ್ರು. ಸುತ್ತಿನ ಹೊರಗೆ ಯಾರೂ ಇಲ್ಲ. ನೆಕ್ಕಿದ ಮೇಲೂ ಒಬ್ಬರ ಮುಖ ಒಬ್ಬರು ಅನುಮಾನದಿಂದ ನೋಡ್ಕೊಳ್ತಿದ್ರು.

ಸುಣ್ಣದವನು ದಿನಾ ಹಗ್ಗದವಳ ಬಾಗಿಲಿಗೆ ಹೋಗ್ತಿದ್ದ. ಅವಳು ಒಳಗೆ ಬಿಡ್ತಿರ್ಲಿಲ್ಲ. ಮುಚ್ಚಿದ ಬಾಗಿಲಿಗೆ ಕಿವಿ ಇಟ್ಟು ನಿಲ್ತಿದ್ದ. ಬೋಗುಣಿಗೆ ನೀರು ಬೀಳೋ ಸದ್ದು ಕೇಳೋ ತನಕ ಉಸಿರು ಬಿಡ್ತಿರ್ಲಿಲ್ಲ. ಕೆಲವು ದಿನ ಅವಳು ಬೇಕಂತಲೇ ತಡ ಮಾಡ್ತಿದ್ಲು. ಸುಣ್ಣದವನ ಮುಖ ನೀಲಿಯಾಗ್ತಿತ್ತು. ಆಮೇಲೆ ಗಳಗಳ ಸದ್ದು. ಬದುಕಿದೆ ಅಂತ ಅವನು ಅಲ್ಲೇ ಕುಸಿದು ಕೂರ್ತಿದ್ದ.

ನೀರಿನ ಸದ್ದಿನ ಹಿಂದೆ ಹಗ್ಗದವಳು ಏನೋ ಹೇಳ್ತಿದ್ಲು. ಬಾಗಿಲು ದಪ್ಪ, ಮಾತು ಕೇಳಿಸ್ತಿರ್ಲಿಲ್ಲ. ಬೈತಿದ್ದಾಳೋ, ಶಾಪ ಹಾಕ್ತಿದ್ದಾಳೋ, ನಾಲ್ವರನ್ನ ಕೊಂದೋಳು ನೀನು ಅಂತಿದ್ದಾಳೋ. ಮಳೆ ಬಂತು, ಹೋಯ್ತು. ಬಿಸಿಲು ಬಂತು. ಅವನು ಬಾಗಿಲ ಈಚೆ ನಿಂತು, ಪಿಸುದನೀಲಿ, ನೀನು ನಾಲಿಗೆಯಮ್ಮ, ನಾನು ನಿನ್ನ ಗಂಡ, ನಮ್ಮ ಮನೇಲೊಂದು ತೊಟ್ಟಿ ಇದೆ ಅಂತ ಹೇಳ್ತಾನೇ ಇದ್ದ. ಒಳಗೆ ಮುಟ್ಟಿತೋ ಇಲ್ಲವೋ.

ಮತ್ತೆ ಬಡಗಣ ಗಾಳಿ ಬೀಸಿದ ಮೊದಲ ದಿನ, ಒಳಗೆ ಪುಟ್ಟ ಪುಟ್ಟ ಹೆಜ್ಜೆ ಸದ್ದಾಯ್ತು. ಒದ್ದೆ ಪಾದದ ಸದ್ದು. ಸುಣ್ಣದವನು ಎರಡೂ ಅಂಗೈ ಬಾಗಿಲಿಗೆ ಒತ್ತಿ ನಿಂತ. ಹೆಜ್ಜೆ ಬಾಗಿಲ ತನಕ ಬಂತು. ನಿಂತಿತು. ಹಲಗೆಯ ಆ ಕಡೆ ಅವಳ ಉಸಿರು, ಈ ಕಡೆ ಇವನದು.

"ಅಮ್ಮಾ" ಅಂತ ಕೂಗ್ತು ಅವನ ಹೆಂಡತಿಯ ದನಿ, ಒಳಮನೆ ಕಡೆ ತಿರುಗಿ. "ಬಾಗಿಲಲ್ಲಿ ಯಾರೋ ನಿಂತಿದ್ದಾರೆ. ನಂಗೆ ಭಯ ಆಗ್ತದೆ."